ಸಣ್ಣ ಟ್ರ್ಯಾಕ್ಟರ್ ಇಂಜಿನ್‌ನಲ್ಲಿ ಆಯಿಲ್ ಒಸರುತ್ತಿದೆ, ಇಂಜಿನ್ ಬಿಚ್ಚಿಸಲೇಬೇಕಾ?

ನೀವು ಬರೆದಿರುವುದು ಇಷ್ಟು: ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಗ್ಗೆ ಅಂಗೈ ಅಗಲ ಆಯಿಲ್ ಕಲೆ, ಇಂಜಿನ್‌ನ ಒಂದು ಪಕ್ಕ ಪೂರ್ತಿ ಜಿಡ್ಡು. ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಅಂಚಿಗೆ ಹೊರಗಿನಿಂದ ಸಿಲಿಕೋನ್ ಪೇಸ್ಟ್ ಬಳಿದರೂ ನಿಂತಿಲ್ಲ. ಮೆಕ್ಯಾನಿಕ್ ಇಂಜಿನ್ ಬಿಚ್ಚಬೇಕು ಅಂದಿದ್ದಾರೆ.

ಬಿಚ್ಚುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನನ್ನದೂ ಎರಡು ಸಿಲಿಂಡರಿನ ಹಳೇ ಡೀಸೆಲ್ ಗಾಡಿ, ಇಂಥ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಇಷ್ಟು ಸಣ್ಣ ಸೋರಿಕೆ ಹೆಚ್ಚಾಗಿ ಹೊರಗಿನಿಂದಲೇ ಕೈಗೆ ಸಿಗುವ ಒಂದು ಪ್ಯಾಕಿಂಗ್ (ಎರಡು ಭಾಗ ಕೂಡುವ ಕಡೆ ನಡುವೆ ಇಡುವ ಪದರ) ಅಥವಾ ವಾಷರ್‌ನದ್ದಾಗಿರುತ್ತದೆ. ಕಷ್ಟ ಇರುವುದು ಅದು ಯಾವುದು ಅಂತ ಕಂಡುಹಿಡಿಯುವುದರಲ್ಲಿ.

ಆಯಿಲ್ ತೊಟ್ಟಿಕ್ಕುವ ಜಾಗ ಬೇರೆ, ಹೊರಡುವ ಜಾಗ ಬೇರೆ. ಇಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ಟ್ಯಾಪೆಟ್ ಕವರ್‌ನಿಂದ ಒಸರಿದ ಆಯಿಲ್ ಬ್ಲಾಕ್ ಮೇಲೆ ಇಳಿದು, ಫ್ಯಾನ್ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಚೇಂಬರ್ ಅಂಚಿನಲ್ಲಿ ಬಂದು ನಿಲ್ಲುತ್ತದೆ. ನೋಡಿದವರು ಚೇಂಬರ್ ಪ್ಯಾಕಿಂಗ್ ಹೋಗಿದೆ ಅನ್ನುತ್ತಾರೆ. ನಿಮ್ಮದೂ ಹೀಗೇ ಆಗಿರಬಹುದು ಅಂತ ನನ್ನ ಅನುಮಾನ. ಹೊರಗಿನಿಂದ ಬಳಿದ ಪೇಸ್ಟ್ ಅಂತೂ ಜಿಡ್ಡಿನ ಮೇಲೆ ಹಿಡಿಯುವುದೇ ಇಲ್ಲ, ಅದನ್ನು ಕೆರೆದು ತೆಗೆಯಿರಿ.

ಪಾನಾ ಹಿಡಿಯುವ ಮೊದಲು ಎರಡು ವಿಷಯ ನೋಡಿ. ಒಂದು, ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ ಜಾಸ್ತಿ ಹಾಕಿದ್ದೀರಿ ಅಂತ, ಅದೂ ಸೋರಿಕೆಗೆ ಕಾರಣವೇ. ನೀವು ಹಾಕದೇ ಮಟ್ಟ ಏರಿದೆ, ಆಯಿಲ್ ತೆಳ್ಳಗಿದೆ, ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಮಾತ್ರ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಡೀಸೆಲ್ ಒಳಗೆ ಇಳಿಯುತ್ತಿದೆ, ಅದನ್ನು ಮೊದಲು ಸರಿ ಮಾಡಿಸಬೇಕು.

ಎರಡು, ಬ್ರೀದರ್. ಇದನ್ನು ಯಾರೂ ನೋಡುವುದಿಲ್ಲ, ನನಗೆ ಅದೇ ಆಶ್ಚರ್ಯ. ಇಂಜಿನ್ ಹೊಟ್ಟೆಯೊಳಗಿನ ಗಾಳಿ ಹೊರಹೋಗಲು ಇರುವ ದಾರಿ ಅದು. ಧೂಳು, ಜಿಡ್ಡು ಸೇರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರಿ, ಇರುವ ಎಲ್ಲ ಸೀಲ್‌ಗಳಿಂದ ಆಯಿಲ್ ತಳ್ಳುತ್ತದೆ. ಆಗ ಹೊಸ ಪ್ಯಾಕಿಂಗ್ ಹಾಕಿದರೂ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕತೆ. ಪೈಪ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು, ಊದಿ ನೋಡಿ. ಆಮೇಲೆ ಇಂಜಿನ್ ಸ್ಲೋನಲ್ಲಿ ಓಡಿಸಿ ಪೈಪ್ ಬಾಯಿಗೆ ಅಂಗೈ ಹಿಡಿಯಿರಿ. ಮೆಲ್ಲಗೆ ಗಾಳಿ ಬಂದರೆ ಸರಿ. ಬುಸುಬುಸು ಅಂತ ಹೊಗೆ ತಳ್ಳುತ್ತಿದ್ದರೆ ಪಿಸ್ಟನ್ ರಿಂಗ್, ಪಿಸ್ಟನ್ ಓಡಾಡುವ ಲೈನರ್ ಸವೆದಿರಬಹುದು. ಹಾಗಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಥವಿದೆ.

ಇವೆರಡೂ ಸರಿಯಿದ್ದರೆ ಇಂಜಿನ್ ತಣ್ಣಗಾದ ಮೇಲೆ ಡೀಸೆಲ್ ಮತ್ತು ಬ್ರಷ್ ಹಿಡಿದು ಪೂರ್ತಿ ತೊಳೆಯಿರಿ. ಡೈನಮೋ, ಸ್ಟಾರ್ಟರ್‌ಗೆ ಪ್ಲಾಸ್ಟಿಕ್ ಸುತ್ತಿ, ಆಮೇಲೆ ಮರೆಯದೆ ತೆಗೆಯಿರಿ. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಜೋಡಣೆ ಇರುವ ಕಡೆಯೆಲ್ಲ ತೆಳ್ಳಗೆ ಟಾಲ್ಕಂ ಪೌಡರ್ ಉದುರಿಸಿ. ಗೇರ್ ನ್ಯೂಟ್ರಲ್‌ನಲ್ಲಿ, ಬ್ರೇಕ್ ಹಾಕಿ, ಇಂಜಿನ್ ಬಿಸಿಯಾಗುವ ತನಕ ಓಡಿಸಿ. ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿ. ಬಿಳಿ ಪೌಡರ್ ಮೇಲೆ ಕಪ್ಪು ಗೆರೆ ಕಾಣುತ್ತದೆ. ಆ ಗೆರೆಯ ಅತಿ ಮೇಲಿನ ತುದಿಯೇ ನಿಮ್ಮ ಸೋರಿಕೆ. ಮೊದಲ ಸಲಕ್ಕೆ ಏನೂ ಕಾಣದಿದ್ದರೆ ಸ್ವಲ್ಪ ಹೊತ್ತು ಕೆಲಸಕ್ಕೆ ಹಚ್ಚಿ ಮತ್ತೆ ನೋಡಿ. ಕೆಲವು ಸೋರಿಕೆ ಲೋಡ್ ಬಿದ್ದಾಗ ಮಾತ್ರ ಬರುತ್ತದೆ.

ಟ್ಯಾಪೆಟ್ ಕವರ್ ಆಗಿದ್ದರೆ ಇದು ನಿಮ್ಮ ಕೈಯಲ್ಲೇ ಆಗುವ ಕೆಲಸ. ಕವರ್ ತೆಗೆದು ಹಳೇ ಕಾರ್ಕ್ ಪ್ಯಾಕಿಂಗ್ ಬೆರಳಲ್ಲಿ ಬಗ್ಗಿಸಿ ನೋಡಿ, ಟಕ್ ಅಂತ ಮುರಿಯುತ್ತದೆ. ಬಿಸಿಗೆ ಅಷ್ಟು ಗಟ್ಟಿಯಾಗಿರುತ್ತದೆ. ಅಂಟಿಕೊಂಡ ಚೂರುಗಳನ್ನು ಕೆರೆಯುವಾಗ ಒಳಗೆ ಬೀಳದಂತೆ ಬಟ್ಟೆ ಮುಚ್ಚಿ. ತಗಡಿನ ಕವರ್ ಆದರೆ ಅದರ ಅಂಚಿಗೆ ಒಂದು ನೇರ ಪಟ್ಟಿ ಇಟ್ಟು ನೋಡಿ. ಹಿಂದೆ ಯಾರೋ ಬಿಗಿ ಮಾಡಿ ಮಾಡಿ ಬೋಲ್ಟ್ ತೂತಿನ ಸುತ್ತ ತಗಡು ತಗ್ಗಾಗಿರುತ್ತದೆ. ಅದನ್ನು ತಿರುಗಿಸಿ ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡಿ. ಇದನ್ನು ಬಿಟ್ಟರೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಎರಡು ಬೋಲ್ಟ್‌ಗಳ ನಡುವೆ ಒಸರುತ್ತಲೇ ಇರುತ್ತದೆ. ಎರಡೂ ಮುಖ ಜಿಡ್ಡಿಲ್ಲದೆ ಒರೆಸಿ, ಹೊಸದನ್ನು ಕೂರಿಸಿ, ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಚಿಕ್ಕ ಪಾನಾ ಸಾಕು. ಪ್ಯಾಕಿಂಗ್ ಹೊರಗೆ ಉಬ್ಬಿ ಬಂತು ಅಂದರೆ ಬಿಗಿ ಜಾಸ್ತಿಯಾಯಿತು.

ಸಿಲಿಕೋನ್ ಬೇಡವೇ ಬೇಡ ಅನ್ನುತ್ತಿಲ್ಲ. ಕಂಪನಿಯೇ ಪ್ಯಾಕಿಂಗ್ ಇಲ್ಲದೆ ಬರೀ ಪೇಸ್ಟ್‌ನಲ್ಲಿ ಕೂರಿಸಿದ ಕಡೆ ಅದು ಬೇಕೇ ಬೇಕು. ಆದರೆ ತೆಳ್ಳಗಿನ ಒಂದು ಗೆರೆ ಸಾಕು. ದಪ್ಪ ಬಳಿದರೆ ಒಳಗಡೆ ಹಿಂಡಿ ಬಂದ ಪೇಸ್ಟ್ ಕಿತ್ತುಕೊಂಡು ಆಯಿಲ್ ಪಂಪ್ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಆಯಿಲ್ ಪ್ರೆಶರ್ ಬಿದ್ದು ಬೇರಿಂಗ್ ಹೋದರೆ ನಿಜವಾಗಿಯೂ ಇಂಜಿನ್ ಬಿಚ್ಚಬೇಕಾಗುತ್ತದೆ.

ಗೆರೆ ಡ್ರೈನ್ ಬೋಲ್ಟ್ ಹತ್ತಿರ ಶುರುವಾಗಿದ್ದರೆ ವಾಷರ್ ಬದಲಿಸಿ. ತಾಮ್ರದ್ದಾದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಆದರೆ ಹೊಸದೇ ಹಾಕಿ. ಫಿಲ್ಟರ್ ಬುಡದಲ್ಲಾದರೆ ಹಳೇ ರಬ್ಬರ್ ರಿಂಗ್ ಅಲ್ಲೇ ಅಂಟಿಕೊಂಡು, ಅದರ ಮೇಲೆ ಹೊಸದು ಕೂತಿದೆಯಾ ನೋಡಿ. ಆಯಿಲ್ ಪ್ರೆಶರ್ ಸ್ವಿಚ್‌ನ ವೈರ್ ಕಿತ್ತಾಗ ಒಳಗೆ ಆಯಿಲ್ ಇದ್ದರೆ ಸ್ವಿಚ್ಚೇ ಹೋಗಿದೆ, ಸುಮ್ನೆ ಬದಲಿಸಿಬಿಡಿ.

ಮುಂದಿನ ಪುಲ್ಲಿ ಹಿಂದಿನಿಂದ ಬರುತ್ತಿದ್ದರೆ ಆಯಿಲ್ ಸೀಲ್, ಅಂದರೆ ತಿರುಗುವ ಭಾಗದ ಸುತ್ತ ಆಯಿಲ್ ತಡೆಯುವ ರಬ್ಬರ್ ಬಳೆ. ಪುಲ್ಲಿ ಎಳೆಯುವ ಪುಲ್ಲರ್ ಇದ್ದರೆ ಮಾತ್ರ ಕೈ ಹಾಕಿ. ಹೊಸ ಸೀಲ್‌ನ ಸ್ಪ್ರಿಂಗ್ ಕಾಣುವ ಬದಿ ಆಯಿಲ್ ಕಡೆಗೆ, ಅಂದರೆ ಒಳಗಡೆಗೆ ಇರಬೇಕು. ಸೀಲ್‌ನ ತುಟಿಗೆ, ಅಂದರೆ ಒಳ ಅಂಚಿಗೆ, ಸ್ವಲ್ಪ ಗ್ರೀಸ್ ಹಚ್ಚಿ. ಸೀಲ್ ಉಜ್ಜುವ ಜಾಗಕ್ಕೆ ಉಗುರು ಆಡಿಸಿ. ಗೀರು ಸಿಕ್ಕಿದರೆ ಹೊಸ ಸೀಲ್ ಅದೇ ಗೀರಿನ ಮೇಲೆ ಕೂರಬಾರದು, ಜಾಗ ಇದ್ದರೆ ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಿ.

ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ, ಕ್ಲಚ್ ಹೌಸಿಂಗ್ ಅಡಿಯ ತೂತಿನಿಂದ ತೊಟ್ಟಿಕ್ಕುತ್ತಿದೆಯಾ? ಕಪ್ಪಗಿದ್ದರೆ ಇಂಜಿನ್ ಆಯಿಲ್, ಹಿಂದಿನ ಸೀಲ್ ಇರಬಹುದು. ದಪ್ಪಗೆ, ಗಂಧಕದ ಘಾಟು ಇದ್ದರೆ ಗೇರ್ ಆಯಿಲ್. ಎರಡಕ್ಕೂ ಗಾಡಿಯನ್ನು ನಡುವೆ ಬೇರ್ಪಡಿಸಬೇಕು, ಮನೆಯಲ್ಲಿ ಮಾಡುವ ಕೆಲಸ ಅಲ್ಲ. ದಿನಕ್ಕೆ ನಾಲ್ಕು ಹನಿ ಅಷ್ಟೇ ಆದರೆ, ಕ್ಲಚ್ ಜಾರುತ್ತಿಲ್ಲ ಅಂದರೆ, ನಾನಾಗಿದ್ದರೆ ಮುಂದೆ ಕ್ಲಚ್ ಪ್ಲೇಟ್ ಬದಲಿಸುವಾಗಲೇ ಅದನ್ನೂ ಮಾಡಿಸುತ್ತೇನೆ. ಅಲ್ಲಿಯವರೆಗೆ ಪ್ರತಿ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಗೇಜ್ ಕಡ್ಡಿ ನೋಡಿ, ಕಡಿಮೆಯಾದಷ್ಟು ಅದೇ ಗ್ರೇಡ್ ಆಯಿಲ್ ಹಾಕಿ.

ಪೌಡರ್ ಪರೀಕ್ಷೆ ಮಾಡಿ ಗೆರೆ ಎಲ್ಲಿಂದ ಶುರುವಾಗಿದೆ ಅಂತ ಇಲ್ಲೇ ಬರೆಯಿರಿ, ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಅಲ್ಲಿಯ ತನಕ ಯಾವ ಪ್ಯಾಕಿಂಗೂ ಕೊಳ್ಳಬೇಡಿ.