ಡ್ರೋನ್ ಕಂಟ್ರೋಲರ್ ಚಾರ್ಜ್ ಆಗುತ್ತಿಲ್ಲ: ಪೋರ್ಟ್ ಕೀಳುವ ಮುನ್ನ, ಕಿತ್ತ ಮೇಲೆ

ಪ್ರಶ್ನೆ: ಕಂಟ್ರೋಲರ್‌ಗೆ ಕೇಬಲ್ ಸಿಕ್ಕಿಸಿ ಮೇಲಕ್ಕೆ ಒತ್ತಿ ಹಿಡಿದರೆ ಮಾತ್ರ ಚಾರ್ಜಿಂಗ್ ದೀಪ ಹತ್ತುತ್ತದೆ, ಕೈಬಿಟ್ಟರೆ ಆರುತ್ತದೆ. ಪೋರ್ಟ್ ಯುಎಸ್‌ಬಿ-ಸಿ. ಅದನ್ನು ಬದಲಿಸಲೇಬೇಕೇ?

ಉತ್ತರ: ಬದಲಿಸಬೇಕಾಗಬಹುದು. ಆದರೆ ಮೊದಲು ಬೇರೆ ಕೇಬಲ್ ಹಾಕಿ ನೋಡಿ, ಆಮೇಲೆ ಟಾರ್ಚಿನ ಬೆಳಕು ಬಿಟ್ಟು ಪೋರ್ಟಿನ ಒಳಗೆ ನೋಡಿ. ಜೇಬಿನ, ಚೀಲದ ನೂಲಿನ ಎಳೆಗಳು ಪೋರ್ಟಿನ ತಳದಲ್ಲಿ ಗಟ್ಟಿಯಾಗಿ ಕೂತರೆ ಕೇಬಲ್ಲಿನ ತುದಿ ಪೂರ್ತಿ ಒಳಗೆ ಹೋಗುವುದಿಲ್ಲ, ಲಕ್ಷಣ ಮಾತ್ರ ಥೇಟ್ ಮುರಿದ ಪೋರ್ಟಿನದೇ. ಕಂಟ್ರೋಲರ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯನ್ನು ತೆಳ್ಳಗೆ ಹೆರೆದು ಆ ಕಸ ತೆಗೆಯಿರಿ. ಸೂಜಿ, ಪಿನ್ನು ಬೇಡ. ಒಳಗಿನ ನಾಲಿಗೆಯ ಸಂಪರ್ಕಗಳ ನಡುವಿನ ಅಂತರ 0.5 ಮಿಲಿಮೀಟರ್, ಒಂದು ಬಾಗಿದರೆ ಪಕ್ಕದ್ದನ್ನು ಮುಟ್ಟುತ್ತದೆ.

ಇನ್ನೂ ಹಾಗೆಯೇ ಇದ್ದರೆ ಕೇಬಲ್ ಸಿಕ್ಕಿಸಿ ಮೆಲ್ಲಗೆ ಅಲುಗಾಡಿಸಿ, ಯಾವುದು ಅಲುಗುತ್ತಿದೆ ಎಂದು ಗಮನಿಸಿ. ಪೋರ್ಟಿನ ಲೋಹದ ಕವಚವೇ ಅಲುಗಿದರೆ ಅದನ್ನು ಬೋರ್ಡಿಗೆ ಹಿಡಿದಿಟ್ಟ ಕಾಲುಗಳ ಬೆಸುಗೆ ಬಿರುಕು ಬಿಟ್ಟಿದೆ. ಬೇಗ ತಿಳಿದರೆ ಆ ಕಾಲುಗಳಿಗೆ ಹೊಸ ಬೆಸುಗೆ ಕೊಟ್ಟರೆ ಸಾಕು, ಹೊಸ ಪೋರ್ಟ್ ಬೇಡ. ಕವಚ ಗಟ್ಟಿಯಿದ್ದು ಕೇಬಲ್ ಮಾತ್ರ ಸಡಿಲವಾಗಿದ್ದರೆ ಒಳಗಿನ ಹಿಡಿತ ಸವೆದಿದೆ, ಪೋರ್ಟ್ ಬದಲಿಸಬೇಕು. ಕೇಬಲ್ ತಿರುಗಿಸಿ ಹಾಕಿದಾಗ ಚಾರ್ಜ್ ಆಗುತ್ತದೆ, ಮತ್ತೊಂದು ಕಡೆಯಿಂದ ಆಗುವುದಿಲ್ಲ ಎಂದರೆ, ಉಪಕರಣ ಇದೆಯೆಂದು ಚಾರ್ಜರಿಗೆ ತಿಳಿಸುವ ಎರಡು ಸಿಸಿ ಪಿನ್‌ಗಳಲ್ಲಿ ಒಂದರ ಸಂಪರ್ಕ ಹೋಗಿರುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಬಿಚ್ಚುವಾಗ ಏನೇನು ಗಮನದಲ್ಲಿರಬೇಕು? ಪೋರ್ಟೇ ಕೆಟ್ಟಿದೆ ಎಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳುವುದು ಹೇಗೆ?

ಉತ್ತರ: ಸ್ಕ್ರೂಗಳು ಹಿಡಿಕೆಯ ರಬ್ಬರಿನ ಅಡಿಯಲ್ಲಿ, ಸ್ಟಿಕ್ಕರಿನ ಕೆಳಗೆ ಅಡಗಿರುತ್ತವೆ. ಕಂಟ್ರೋಲರಿನ ಕವಚ ಜಗ್ಗದಿದ್ದರೆ ಬಲ ಹಾಕುವುದಲ್ಲ, ಉಳಿದ ಸ್ಕ್ರೂ ಹುಡುಕುವುದು. ತೆರೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಕಳಚಿ. ತಂತಿ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಭಾಗವನ್ನು ಹಿಡಿಯಿರಿ. ಬ್ಯಾಟರಿ ಉಬ್ಬಿದ್ದರೆ ರಿಪೇರಿ ಅಲ್ಲಿಗೇ ನಿಲ್ಲಲಿ, ಅದನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಆಂಟೆನಾದ ಪುಟ್ಟ ದುಂಡು ಕನೆಕ್ಟರನ್ನು ನೇರ ಮೇಲಕ್ಕೆ ಎತ್ತಿ. ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ಅದನ್ನು ಮಾಡಿರುತ್ತಾರೆ, ಆದ್ದರಿಂದ ಸುಮ್ಮನೆ ಕಳಚುತ್ತಿರಬೇಡಿ. ಯಾವ ತಂತಿ ಎಲ್ಲಿತ್ತು ಎಂಬುದಕ್ಕೆ ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಮೀಟರ್. ಬ್ಯಾಟರಿ ಕಳಚಿದ ಸ್ಥಿತಿಯಲ್ಲಿ 5 ವೋಲ್ಟ್ ಸಾಲಿಗೂ ಗ್ರೌಂಡಿಗೂ ನಡುವಿನ ಓಮ್ ಅಳೆಯಿರಿ. ರೀಡಿಂಗ್ ಮೆಲ್ಲನೆ ಏರುತ್ತಾ ಸಾವಿರಾರು ಓಮ್ ತಲುಪಿದರೆ ಚಿಂತೆಯಿಲ್ಲ, ಕೆಪಾಸಿಟರ್‌ಗಳು ತುಂಬುತ್ತಿವೆ ಅಷ್ಟೇ. ಒಂದೆರಡು ಓಮ್‌ನಲ್ಲೇ ನಿಂತರೆ ಶಾರ್ಟ್ ಇದೆ. ಅದು ಪೋರ್ಟಿನೊಳಗೇ ಇರಬಹುದು, ಪೋರ್ಟಿನ ಬೆನ್ನಿಗಿರುವ ರಕ್ಷಣಾ ಡಯೋಡಿನಲ್ಲೋ ಕೆಪಾಸಿಟರಿನಲ್ಲೋ ಇರಬಹುದು. ಪೋರ್ಟ್ ತೆಗೆದ ಮೇಲೂ ಶಾರ್ಟ್ ಉಳಿದಿದ್ದರೆ ತಪ್ಪು ಪೋರ್ಟಿನದಲ್ಲ.

ಶಾರ್ಟ್ ಇಲ್ಲವೆಂದಾದರೆ ಕೇಬಲ್ ಹಾಕಿ ಬೋರ್ಡಿನ ಮೇಲೆ ವೋಲ್ಟೇಜ್ ನೋಡಿ. 4.75ರಿಂದ 5.25 ವೋಲ್ಟ್ ಸ್ಥಿರವಾಗಿ ಬರುತ್ತಿದ್ದರೆ ಪೋರ್ಟ್ ತನ್ನ ಕೆಲಸ ಮಾಡುತ್ತಿದೆ. ಚೆನ್ನಾಗಿರುವ ಪೋರ್ಟನ್ನು ಕಿತ್ತು ಬೋರ್ಡ್ ಹಾಳುಮಾಡಿಕೊಳ್ಳುವವರು ಈ ಒಂದು ಅಳತೆ ಬಿಟ್ಟವರೇ.

ಪ್ರಶ್ನೆ: ಬಿಸಿಗಾಳಿ ಊದಿ ಬೆಸುಗೆ ಕರಗಿಸುವ ಹಾಟ್ ಏರ್ ಇಲ್ಲ, ಸೋಲ್ಡರಿಂಗ್ ಐರನ್ ಮಾತ್ರ ಇದೆ. ಪೋರ್ಟ್ ಬದಲಿಸಬಹುದೇ? ಯಾವ ಪೋರ್ಟ್ ತರಬೇಕು?

ಉತ್ತರ: ಬದಲಿಸಬಹುದು, ತಾಳ್ಮೆ ಇದ್ದರೆ. ಮೊದಲು ಪೋರ್ಟಿನ ಮಾತು. ಹೊರನೋಟಕ್ಕೆ ಒಂದೇ ಥರ ಕಾಣುವ ಯುಎಸ್‌ಬಿ-ಸಿ ಪೋರ್ಟ್‌ಗಳಲ್ಲಿ ಕಾಲುಗಳ ಅಂತರ, ಕವಚದ ಉದ್ದ, ಬೋರ್ಡಿನ ಮೇಲೆ ಕೂರುತ್ತದೋ ಬೋರ್ಡಿನ ಕಚ್ಚಿನೊಳಗೆ ಇಳಿಯುತ್ತದೋ ಎಂಬುದೆಲ್ಲ ಬೇರೆ ಬೇರೆ. ಹಳೆಯದನ್ನು ಕ್ಯಾಲಿಪರಿನಲ್ಲಿ ಅಳೆದೇ ತನ್ನಿ. 6 ಪಿನ್ನಿನದು ಚಾರ್ಜಿಂಗ್‌ಗೆ ಮಾತ್ರ. ಅದೇ ಪೋರ್ಟಿನಿಂದ ಫೋನ್ ಜೋಡಿಸುವುದೋ ಫರ್ಮ್‌ವೇರ್ ಹಾಕುವುದೋ ಇದ್ದರೆ ಡೇಟಾ ಸಾಲುಗಳಿರುವ 16 ಪಿನ್ನಿನದೇ ಬೇಕು.

ಕೀಳುವಾಗ ತೊಂದರೆ ಕೊಡುವುದು ಪಿನ್‌ಗಳಲ್ಲ, ಕವಚದ ನಾಲ್ಕು ದಪ್ಪ ಕಾಲುಗಳು. ಅವು ಬೋರ್ಡಿನ ಗ್ರೌಂಡ್ ತಾಮ್ರಕ್ಕೆ ಸೇರಿರುವುದರಿಂದ ಐರನ್ನಿನ ಬಿಸಿಯನ್ನೆಲ್ಲ ಹೀರಿಕೊಳ್ಳುತ್ತವೆ. ಒಂದು ಕಾಲು ಕರಗುವಷ್ಟರಲ್ಲಿ ಇನ್ನೊಂದು ಗಟ್ಟಿಯಾಗಿರುತ್ತದೆ. ಆಗ ಪೋರ್ಟನ್ನು ಮೀಟಿದರೆ ಬೋರ್ಡಿನ ಪ್ಯಾಡ್‌ಗಳು (ಬೆಸುಗೆ ಹಿಡಿಯುವ ತಾಮ್ರದ ಚಪ್ಪಟೆ ತುಣುಕುಗಳು) ಸಿಪ್ಪೆಯಂತೆ ಎದ್ದು ಬರುತ್ತವೆ. ಇದಕ್ಕೆ ಒಳ್ಳೆಯ ಉಪಾಯ ಬಿಸ್ಮತ್ ಎಂಬ ಲೋಹ ಸೇರಿದ, 138 ಡಿಗ್ರಿಯಲ್ಲೇ ಕರಗುವ ಬೆಸುಗೆ. ಸುತ್ತಲಿನ ಪ್ಲಾಸ್ಟಿಕ್ ಭಾಗಗಳಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿ. ಎಲ್ಲ ಪಿನ್‌ಗಳಿಗೂ ಕಾಲುಗಳಿಗೂ ಬೆಸುಗೆ ಚೆನ್ನಾಗಿ ಹರಿಯುವಂತೆ ಮಾಡುವ ಫ್ಲಕ್ಸ್ ಧಾರಾಳವಾಗಿ ಹಾಕಿ, ಅಗಲ ತುದಿಯ ಐರನ್ನನ್ನು 350 ಡಿಗ್ರಿಗಿಟ್ಟು, ಈ ಬೆಸುಗೆಯನ್ನು ಹಳೆಯದರೊಂದಿಗೆ ಚೆನ್ನಾಗಿ ಬೆರೆಸಿ. ಮಿಶ್ರಣ ಹೆಚ್ಚು ಹೊತ್ತು ದ್ರವವಾಗಿಯೇ ಇರುವುದರಿಂದ ಸುತ್ತ ಐರನ್ ಆಡಿಸುತ್ತಿದ್ದರೆ ಪೋರ್ಟ್ ತಾನೇ ತೇಲುತ್ತದೆ. ಚಿಮುಟದಿಂದ ಎತ್ತಿಕೊಳ್ಳಿ, ಎಳೆಯಬೇಡಿ.

ಬಿಸ್ಮತ್ ಉಳಿಯಬಾರದು. ಬೆಸುಗೆ ಹೀರುವ ತಾಮ್ರದ ಹೆಣಿಗೆಯಾದ ವಿಕ್ ಹಾಕಿ ಪ್ಯಾಡ್‌ಗಳನ್ನು ಪೂರ್ತಿ ಬಳಿದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಸೀಸದ ಬೆಸುಗೆಯೊಂದಿಗೆ ಬಿಸ್ಮತ್ ಸೇರಿದರೆ 96 ಡಿಗ್ರಿಯಲ್ಲೇ ಕರಗುವ ಮಿಶ್ರಣವಾಗುತ್ತದೆ. ದಿನಕ್ಕೊಂದು ಸಲ ಕೇಬಲ್ ಚುಚ್ಚಿಸಿಕೊಳ್ಳುವ ಜಾಗಕ್ಕೆ ಅಂಥ ಜೋಡಣೆ ನಿಲ್ಲುವುದಿಲ್ಲ.

ಹೊಸ ಪೋರ್ಟ್ ಕೂರಿಸಿದ ಮೇಲೆ ಮೊದಲು ಒಂದು ಕಾಲನ್ನಷ್ಟೇ ಹಿಡಿಸಿ. ಎಲ್ಲ ಪಿನ್‌ಗಳೂ ತಮ್ಮ ಪ್ಯಾಡಿನ ಮೇಲಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಆಮೇಲೆ ಮಿಕ್ಕ ಕಾಲುಗಳು, ಕೊನೆಗೆ ಪಿನ್‌ಗಳು. 63/37 ಬೆಸುಗೆ (63 ಪಾಲು ತವರ, 37 ಪಾಲು ಸೀಸ), 0.5 ಮಿಲಿಮೀಟರ್ ದಪ್ಪದ್ದು, 183 ಡಿಗ್ರಿಯಲ್ಲಿ ಕರಗುವುದು ಇದಕ್ಕೆ ಅನುಕೂಲ. ಕೊಳಾಯಿ ಕೆಲಸದ ಆಮ್ಲದ ಫ್ಲಕ್ಸ್ ಬೇಡ, ತಾಮ್ರವನ್ನು ತಿಂದುಹಾಕುತ್ತದೆ. ಪಿನ್‌ಗಳಿಗೆ ಬೆಸುಗೆ ತುಸುವೇ ಕೊಡಿ. ಹೆಚ್ಚಾದರೆ ಅದು ಕವಚದ ಅಡಿಗೆ ಹರಿದು ಕಣ್ಣಿಗೆ ಕಾಣದ ಕಡೆ ಶಾರ್ಟ್ ಮಾಡುತ್ತದೆ. ಕಾಲುಗಳಿಗೆ ಮಾತ್ರ ಜಿಪುಣತನ ತೋರಬೇಡಿ, ರಂಧ್ರ ತುಂಬಿ ಇನ್ನೊಂದು ಬದಿಯಲ್ಲೂ ಕಾಣಿಸಬೇಕು. ಕೇಬಲ್ಲಿನ ಎಳೆತವನ್ನೆಲ್ಲ ಹೊರುವವು ಅವೇ. ಬ್ಯಾಟರಿ ಜೋಡಿಸುವ ಮೊದಲು ಓಮ್ ಅಳತೆ ಮತ್ತೊಮ್ಮೆ ಆಗಲಿ.

ಪ್ರಶ್ನೆ: ಪೋರ್ಟ್ ಬದಲಿಸಿದೆ. ಹಳೆಯ ಆಯತ ತುದಿಯ (ಯುಎಸ್‌ಬಿ-ಎ) ಚಾರ್ಜರಿನಲ್ಲಿ ಚಾರ್ಜ್ ಆಗುತ್ತದೆ, ಎರಡೂ ಕಡೆ ಸಿ ಇರುವ ಕೇಬಲ್ ಹಾಕಿದರೆ ಸತ್ತಂತಿರುತ್ತದೆ. ಏಕೆ?

ಉತ್ತರ: ಹಳೆಯ ಬಗೆಯ ಚಾರ್ಜರ್ ಕೇಳದೆಯೇ 5 ವೋಲ್ಟ್ ಕೊಡುತ್ತದೆ. ಸಿ ಚಾರ್ಜರ್ ಹಾಗಲ್ಲ. ಆ ಕಡೆ ಉಪಕರಣ ಇದೆಯೆಂದು ಸಿಸಿ ಸಾಲಿನಲ್ಲಿ ಗುರುತು ಸಿಕ್ಕಿದ ಮೇಲೇ ವಿದ್ಯುತ್ ಬಿಡುತ್ತದೆ. ಆ ಗುರುತು ಕೊಡುವುದು ಪ್ರತಿ ಸಿಸಿ ಪಿನ್ನಿನಿಂದ ಗ್ರೌಂಡಿಗಿರುವ 5.1 ಕಿಲೋ ಓಮ್ ರೆಸಿಸ್ಟರ್. ನಿಮ್ಮ ಐರನ್ ತಗುಲಿ ಅದು ಹಾರಿಹೋಗಿರಬಹುದು, ಇಲ್ಲವೇ ಸಿಸಿ ಪಿನ್ನಿಗೆ ಬೆಸುಗೆ ಹಿಡಿದಿಲ್ಲ. ಎರಡೂ ಸಿಸಿ ಪಿನ್‌ಗಳಿಂದ ಗ್ರೌಂಡಿಗೆ ಅಳೆಯಿರಿ. ಒಂದೊಂದರಲ್ಲೂ ಸುಮಾರು 5,100 ಓಮ್ ಬರಬೇಕು. ಮೊದಲ ದಿನದಿಂದಲೇ ಹೀಗಿತ್ತೆಂದರೆ ತಯಾರಕರೇ ಆ ರೆಸಿಸ್ಟರ್ ಹಾಕಿಲ್ಲ, ಅಗ್ಗದ ಕಂಟ್ರೋಲರ್‌ಗಳಲ್ಲಿ ಇದು ಅಪರೂಪವೇನಲ್ಲ. ಕೆಲವು ಬೋರ್ಡ್‌ಗಳಲ್ಲಿ ಈ ಕೆಲಸ ಚಿಪ್ಪಿನೊಳಗೇ ನಡೆಯುತ್ತದೆ. ಅಲ್ಲಿ ಮೀಟರಿನ ಅಂಕಿ ಬೇರೆಯೇ ಇರುತ್ತದೆ, ಪಿನ್ನಿಗೆ ಬೆಸುಗೆ ಹಿಡಿದಿದೆಯೇ ಎಂದಷ್ಟೇ ನೋಡಿ.

ಪ್ರಶ್ನೆ: ಪ್ಯಾಡ್ ಕಿತ್ತು ಬಂತು. ಬೋರ್ಡ್ ಎಸೆಯಬೇಕೇ?

ಉತ್ತರ: ಬೇಡ. ಆ ಪ್ಯಾಡಿನಿಂದ ಹೊರಟ ತಾಮ್ರದ ಗೆರೆ ಮುಂದೆ ಯಾವ ಬಿಡಿಭಾಗಕ್ಕೆ ಸೇರುತ್ತದೆಂದು ಮೀಟರಿನ ಬೀಪ್ ಹಾಕಿ ಹುಡುಕಿ, ಪೋರ್ಟಿನ ಪಿನ್ನಿನಿಂದ ಅಲ್ಲಿಗೆ ಎನಾಮಲ್ ತಂತಿ ಎಳೆಯಿರಿ. ಸಿಸಿ ಸಾಲಿಗೆ 0.1 ಮಿಲಿಮೀಟರ್ ತಂತಿ ಸಾಕು. 5 ವೋಲ್ಟ್ ಸಾಲಿಗೆ 0.3 ಮಿಲಿಮೀಟರಿಗೆ ಕಡಿಮೆ ಬೇಡ. ಡೇಟಾದ ಎರಡು ತಂತಿಗಳು ಆದಷ್ಟು ಗಿಡ್ಡವಾಗಿ, ಒಂದೇ ಉದ್ದವಾಗಿ, ಅಕ್ಕಪಕ್ಕದಲ್ಲೇ ಸಾಗಲಿ, ಇಲ್ಲದಿದ್ದರೆ ಫೋನ್ ಸಂಪರ್ಕ ಕಡಿಯುತ್ತಿರುತ್ತದೆ. ಕೆಲಸ ಮುಗಿದ ಮೇಲೆ ತಂತಿಗಳಿಗೆ ಯುವಿ ಬೆಳಕಿಗೆ ಗಟ್ಟಿಯಾಗುವ ಸೋಲ್ಡರ್ ಮಾಸ್ಕ್ ಹಚ್ಚಿ. ಕಿತ್ತದ್ದು ಕವಚದ ಕಾಲಿನ ಪ್ಯಾಡ್ ಆಗಿದ್ದರೆ ತಂತಿಯಿಂದ ಬಲ ಬರುವುದಿಲ್ಲ, ಪೋರ್ಟಿನ ಹಿಂಬದಿಗೆ ಎಪಾಕ್ಸಿ ಬೇಕು. ಅದು ಪೋರ್ಟಿನ ಬಾಯೊಳಗೆ ಹರಿಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಬೋರ್ಡಿಗೆ 5 ವೋಲ್ಟ್ ಬರುತ್ತಿದೆ, ಆದರೂ ಬ್ಯಾಟರಿ ತುಂಬುತ್ತಿಲ್ಲ.

ಉತ್ತರ: ಬ್ಯಾಟರಿಯ ವೋಲ್ಟೇಜ್ ನೋಡಿ. ಒಂದು ಲಿಥಿಯಂ ಸೆಲ್ ತುಂಬಿದಾಗ ಸಾಮಾನ್ಯವಾಗಿ 4.2 ವೋಲ್ಟ್. ತಿಂಗಳುಗಟ್ಟಲೆ ಮೂಲೆಯಲ್ಲಿದ್ದು 2 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದನ್ನು ಎಬ್ಬಿಸುವ ಪ್ರಯತ್ನ ಬೇಡ, ಬದಲಿಸಿ. ವೋಲ್ಟೇಜ್ ಸರಿಯಿದ್ದು ಬ್ಯಾಟರಿಗೆ ಮೂರು ತಂತಿಗಳಿದ್ದರೆ ಮೂರನೆಯದು ಸಾಮಾನ್ಯವಾಗಿ ಶಾಖ ಅಳೆಯುವ ಥರ್ಮಿಸ್ಟರಿನದು. 25 ಡಿಗ್ರಿಯಲ್ಲಿ ಬಹಳಷ್ಟು ಕಡೆ 10 ಕಿಲೋ ಓಮ್ ತೋರಿಸುತ್ತದೆ. ಆ ತಂತಿ ತುಂಡಾಗಿದ್ದರೆ ಬ್ಯಾಟರಿ ವಿಪರೀತ ತಣ್ಣಗಿದೆ ಎಂದು ತಿಳಿದು ಚಾರ್ಜಿಂಗ್ ಚಿಪ್ ಸುಮ್ಮನಿರುತ್ತದೆ.

ಪ್ರಶ್ನೆ: ಮತ್ತೆ ಪೋರ್ಟ್ ಸವೆಯದಂತೆ ಅಯಸ್ಕಾಂತದ ತುದಿ ಹಾಕಬಹುದೇ?

ಉತ್ತರ: ಚಾರ್ಜಿಂಗ್‌ಗೆ ಮಾತ್ರವಾದರೆ ಹಾಕಬಹುದು. ಅಂಥ ತುದಿಗಳಲ್ಲಿ ಹಲವಕ್ಕೆ ಡೇಟಾ ಸಾಲುಗಳೇ ಇರುವುದಿಲ್ಲ. ಕಬ್ಬಿಣದ ಕಣಗಳೂ ಅದಕ್ಕೆ ಅಂಟಿಕೊಳ್ಳುತ್ತವೆ, ಹಾರಿಸುವ ಜಾಗದಲ್ಲಿ ಮಣ್ಣಿದ್ದರೆ ಪ್ರತಿ ಸಲ ಒರೆಸಿಯೇ ಕೇಬಲ್ ತಾಗಿಸಿ.

ಪ್ರಶ್ನೆ: ರಿಪೇರಿ ಆದ ಕೂಡಲೇ ಹಾರಿಸಬಹುದೇ?

ಉತ್ತರ: ಡ್ರೋನಿನ ರೆಕ್ಕೆಗಳನ್ನು ಬಿಚ್ಚಿಟ್ಟು ಮೊದಲು ನೆಲದ ಮೇಲೆಯೇ ಪರೀಕ್ಷಿಸಿ. ಆಂಟೆನಾ ಕನೆಕ್ಟರ್ ಟಕ್ಕೆಂದು ಕೂತಿರದಿದ್ದರೆ ಹತ್ತಿರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ, ದೂರ ಹೋದಾಗ ಸಿಗ್ನಲ್ ತಪ್ಪುತ್ತದೆ. ಆದ್ದರಿಂದ ಡ್ರೋನನ್ನು ಬಯಲಲ್ಲಿಟ್ಟು, ಕಂಟ್ರೋಲರ್ ಹಿಡಿದು ನೀವೇ ದೂರ ನಡೆದು ಸಿಗ್ನಲ್ ಗೆರೆಗಳು ಎಲ್ಲಿ ಇಳಿಯುತ್ತವೆ ನೋಡಿ. ಸ್ಟಿಕ್‌ಗಳ ರಿಬ್ಬನ್ ಕಳಚಿದ್ದರೆ ಕ್ಯಾಲಿಬ್ರೇಷನ್ ಮಾಡಿಯೇ ರೆಕ್ಕೆ ಜೋಡಿಸಿ.