ಹಳೇ ಕಾರಿಗೆ ಹೇಳಿದ ರೇಟು ಸರಿನಾ?

ಪ್ರಶ್ನೆ: ಸರ್, 2018ರ ಸ್ವಿಫ್ಟ್ ಪೆಟ್ರೋಲ್ ನೋಡಿದ್ದೀನಿ. 62 ಸಾವಿರ ಕಿ.ಮೀ. ಓಡಿದೆ, ಸೆಕೆಂಡ್ ಓನರ್. 5.40 ಲಕ್ಷ ಹೇಳ್ತಿದ್ದಾರೆ. ‘ಇನ್ಶೂರೆನ್ಸ್‌ನಲ್ಲಿ ಐಡಿವಿನೇ ಅಷ್ಟಿದೆ, ಕಮ್ಮಿ ಮಾಡಲ್ಲ’ ಅಂತಾರೆ. ತಗೋಬಹುದಾ?
– ಓದುಗರು, ಮಂಡ್ಯ

ಉತ್ತರ: ಆ ರೇಟಿಗೆ ಬೇಡ. ಕಾರು ಕಳವಾದರೆ ಅಥವಾ ಪೂರ್ತಿ ಜಖಂ ಆದರೆ ವಿಮಾ ಕಂಪನಿ ಲೆಕ್ಕಕ್ಕೆ ಹಿಡಿಯುವ ಮೊತ್ತ ಐಡಿವಿ. ಐದು ವರ್ಷದವರೆಗೆ ಅದಕ್ಕೆ ನಿಗದಿಯಾದ ಸವಕಳಿ ಇದೆ, ಐದನೇ ವರ್ಷದಲ್ಲಿ ಶೇ. 50 ಕಳೆಯುತ್ತಾರೆ. ಅದಾದ ಮೇಲೆ ಮಾಲೀಕರೂ ಕಂಪನಿಯವರೂ ಒಪ್ಪಿಕೊಂಡು ಬರೆಸಿದ್ದೇ ಐಡಿವಿ. ಈ ಕಾರಿಗೆ ಐದು ವರ್ಷ ಯಾವಾಗಲೋ ದಾಟಿದೆ. ಅದನ್ನು ತೋರಿಸಿ ರೇಟು ಕೇಳುವುದು ನ್ಯಾಯ ಅಲ್ಲ.

ನೀವು ಹೊಸ ಕಾರಿನ ಇವತ್ತಿನ ಬೆಲೆಯಿಂದ ಲೆಕ್ಕ ಶುರು ಮಾಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಮೇಲಿನ ಶೇ. 1 ಸೆಸ್ ಕೂಡ ಹೋಗಿದೆ. ಅಂದರೆ 7 ಲಕ್ಷ ಶೋರೂಮ್ ಬೆಲೆ ಇದ್ದ ಕಾರಿಗೆ ಹತ್ತಿರ ಹತ್ತಿರ 60 ಸಾವಿರ ಇಳಿಯಬೇಕು. ಹೊಸದು ಇಳಿದರೆ ಹಳೆಯದೂ ಇಳಿಯಲೇಬೇಕು ಅಲ್ವಾ? ಆದರೆ ಮಾರುವವರಲ್ಲಿ ಎಷ್ಟೋ ಜನ ಇನ್ನೂ ತಾವು ಕೊಂಡಾಗಿನ ಬೆಲೆ ಹಿಡಿದೇ ಮಾತಾಡುತ್ತಾರೆ.

ಆಮೇಲೆ ಕಾರಿನ ಹತ್ತಿರ ಹೋಗಿ. ಬೆಳಿಗ್ಗೆನೇ ಹೋಗಿ, ಮೊದಲು ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ, ತಣ್ಣಗಿನ ಇಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದೇ ನಿಮಗೆ ಬೇಕಾಗಿರೋದು. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೇದಾಗಿದ್ದರೆ ನಾಲ್ಕೂ ಬದಲಿಸಬೇಕು, ಸುಮಾರು 20 ಸಾವಿರ ರೇಟಿನಲ್ಲಿ ಕಳೆಯಿರಿ. ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಕಲೆ ಇದ್ದರೆ ನೀರಲ್ಲಿ ಮುಳುಗಿದ ಕಾರು. 2022ರ ಆಗಸ್ಟ್ ಮಳೆಗೆ ರಾಮನಗರದ ಹತ್ತಿರ ಹೆದ್ದಾರಿಯಲ್ಲೇ ಎಷ್ಟು ಗಾಡಿ ಮುಳುಗಿದ್ದವು ನೆನಪಿದೆಯಲ್ಲ. ಅಂಥದ್ದು ಎಷ್ಟು ಕಮ್ಮಿಗೆ ಬಂದರೂ ಬಿಟ್ಟುಬಿಡಿ.

ಮೀಟರ್ ಒಂದನ್ನೇ ನಂಬಬೇಡಿ. ಕಂಪನಿ ಸರ್ವಿಸ್ ಸೆಂಟರ್‌ನ ಹಳೇ ಬಿಲ್ ಕೇಳಿ, ಪ್ರತಿ ಬಿಲ್‌ನಲ್ಲೂ ಕಿಲೋಮೀಟರ್ ಬರೆದಿರುತ್ತೆ. ಕ್ಲಚ್ ನೋಡೋಕೆ ಚಾಮುಂಡಿ ಬೆಟ್ಟದ ರಸ್ತೆ ಸಾಕು: ಏರಿನಲ್ಲಿ ಇಂಜಿನ್ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಇಷ್ಟೆಲ್ಲಾ ಸರಿ ಇದ್ದರೆ ನಾನು 4.60 ಲಕ್ಷ ದಾಟಲ್ಲ. ಒಂದೊಂದು ಕೆಲಸ ಸಿಕ್ಕ ಹಾಗೂ ಅದರ ಖರ್ಚು ಅಲ್ಲಿಂದ ಕೆಳಗೆ ಇಳಿಸಿ.

ಪ್ರಶ್ನೆ: ಕೇರಳ ರಿಜಿಸ್ಟ್ರೇಷನ್ ಕಾರು, ಇಲ್ಲಿಯ ಕೆಎ-09 ಕಾರಿಗಿಂತ 80 ಸಾವಿರ ಕಮ್ಮಿ. ಲಾಭ ಅಲ್ವಾ?
– ಓದುಗರು, ಮೈಸೂರು

ಉತ್ತರ: ರಿಜಿಸ್ಟ್ರೇಷನ್ ಇಲ್ಲಿಗೆ ಬದಲಿಸುವಾಗ ಕಟ್ಟಬೇಕಾದ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಸೇರಿಸಿ ಹೇಳಿ. 5ರಿಂದ 10 ಲಕ್ಷದ ಹೊಸ ಕಾರಿಗೆ ಶೇ. 14, ಅದರ ಮೇಲೆ ಸೆಸ್ ಬೇರೆ. ಹಳೇ ಕಾರಿಗೆ ವಯಸ್ಸು ನೋಡಿ ಕಮ್ಮಿ ಮಾಡುತ್ತಾರೆ, ಆದರೂ ಸಣ್ಣ ಮೊತ್ತ ಏನಲ್ಲ. ಆರ್‌ಟಿಓದಲ್ಲಿ ಆ ಕಾರಿಗೆ ಎಷ್ಟಾಗುತ್ತೆ ಅಂತ ಮೊದಲು ಕೇಳಿ. ಅಲ್ಲಿಯ ಆರ್‌ಟಿಓ ಕೊಡುವ ಎನ್‌ಓಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಆ ಸಾಲವೂ ತೀರಿರಬೇಕು.

ಪ್ರಶ್ನೆ: ನಮ್ಮ ಯಜಮಾನರ 2012ರ ಆಲ್ಟೋ ಮಾರಬೇಕು. ಒಬ್ಬರು 90 ಸಾವಿರ ಈಗಲೇ ಕೊಡ್ತೀನಿ, ಫಾರಂಗೆ ಸೈನ್ ಮಾತ್ರ ಹಾಕಿಸಿ ಕೊಡಿ, ಹೆಸರು ಆಮೇಲೆ ಬದಲಾಯಿಸ್ಕೋತೀನಿ ಅಂತಾರೆ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಅಮ್ಮಾ, ಬೆಲೆ ತಪ್ಪಿಲ್ಲ. ಆರ್‌ಸಿ 15 ವರ್ಷಕ್ಕೆ, ಅಂದರೆ 2027ಕ್ಕೆ ಮುಗಿಯುತ್ತೆ, ಅದನ್ನು ನೋಡಿದರೆ ಜಾಸ್ತಿ ಸಿಗೋದು ಕಷ್ಟ. ಆದರೆ ಖಾಲಿ ಫಾರಂಗೆ ಸೈನ್ ಹಾಕಿಸಿ ಕೊಡಲೇಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ಆ ಕಾರು ಯಾರಿಗಾದರೂ ಗುದ್ದಿದರೆ ಪರಿಹಾರದ ಕೇಸು ನಿಮ್ಮ ಯಜಮಾನರ ಮೇಲೇ ಬರುತ್ತೆ. ಹೆಸರು ಬದಲಾವಣೆಯ ಫಾರಂ 29 ಮತ್ತು 30ರಲ್ಲಿ ಕೊಳ್ಳುವವರ ಹೆಸರು, ವಿಳಾಸ ತುಂಬಿಸಿ. ಅವರ ಆಧಾರ್ ಪ್ರತಿ ಇಟ್ಟುಕೊಳ್ಳಿ, ಕಾರು ಕೊಟ್ಟ ದಿನ, ಸಮಯ ಬರೆಸಿ ಇಬ್ಬರೂ ಸೈನ್ ಹಾಕಿ. ಹತ್ತು ಸಾವಿರ ಬಾಕಿ ಉಳಿಸಿಕೊಂಡು, ಹೆಸರು ಬದಲಾದ ಆರ್‌ಸಿ ತೋರಿಸಿ ಲೆಕ್ಕ ಮುಗಿಸೋಣ ಅಂದರೆ ಒಪ್ಪುವವರು ಸಿಗುತ್ತಾರೆ. ಅಂಥವರಿಗೇ ಕೊಡಿ, 85 ಸಾವಿರವೇ ಬಂದರೂ ಪರವಾಗಿಲ್ಲ.