ಎಡಿಟ್ ಮಾಡುವಾಗ ನಾಲ್ಕು ವಿಡಿಯೋ ಕಾಣುತ್ತವೆ, ಎಕ್ಸ್‌ಪೋರ್ಟ್ ಮಾಡಿದರೆ ಒಂದೇ ಬರುತ್ತದೆ. ಏಕೆ?

ಮಂಡ್ಯ ಕಡೆಯ ಊರಹಬ್ಬದ ಪೂಜಾ ಕುಣಿತವನ್ನು ಮೂರು ಮೊಬೈಲ್, ಒಂದು ಕ್ಯಾಮೆರಾದಲ್ಲಿ ಹಿಡಿದಿದ್ದೀರಿ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನ ಮಲ್ಟಿಕ್ಯಾಮ್‌ನಲ್ಲಿ ನಾಲ್ಕೂ ಒಟ್ಟಿಗೆ ಓಡುತ್ತವೆ, ಫೈಲ್ ತೆಗೆದರೆ ಒಂದೇ ಇರುತ್ತದೆ ಎಂದು ಬರೆದಿದ್ದೀರಿ. ಸಾಫ್ಟ್‌ವೇರ್ ಏನೂ ಕೆಟ್ಟಿಲ್ಲ. ಮಲ್ಟಿಕ್ಯಾಮ್ ಇರುವುದೇ ನಾಲ್ಕರಲ್ಲಿ ಒಂದನ್ನು ಆರಿಸಿಕೊಳ್ಳುವುದಕ್ಕೆ. ಆ ನಾಲ್ಕು ಚೌಕಗಳು ನಿಮಗೆ ನೋಡಲು ಮಾತ್ರ, ಹೊರಗೆ ಹೋಗುವುದು ನೀವು ಆರಿಸಿದ ಕೋನ. ನಿಮಗೆ ಬೇಕಿರುವುದು ಸ್ಪ್ಲಿಟ್ ಸ್ಕ್ರೀನ್, ಅಂದರೆ ಒಂದೇ ಪರದೆಯಲ್ಲಿ ನಾಲ್ಕೂ ಕಾಣುವುದು. ಅದಕ್ಕೆ ನಾಲ್ಕು ಕ್ಲಿಪ್‌ಗಳನ್ನು ನಾಲ್ಕು ವಿಡಿಯೋ ಟ್ರ್ಯಾಕ್‌ಗಳಲ್ಲಿ ಒಂದರ ಮೇಲೊಂದು ಇಟ್ಟು, ಪ್ರತಿಯೊಂದನ್ನೂ ಚಿಕ್ಕದು ಮಾಡಿ ಮೂಲೆಗೆ ಸರಿಸಬೇಕು.

ಮಾಡಿರುವ ಸಿಂಕ್, ಅಂದರೆ ನಾಲ್ಕೂ ಕ್ಲಿಪ್‌ಗಳ ಸಮಯದ ಹೊಂದಾಣಿಕೆ, ಹಾಳು ಮಾಡಿಕೊಳ್ಳಬೇಡಿ. ಅದೇ ಮಲ್ಟಿಕ್ಯಾಮ್ ಕ್ಲಿಪ್ಪನ್ನು ನಾಲ್ಕು ಟ್ರ್ಯಾಕ್‌ಗೆ ಕಾಪಿ ಮಾಡಿ, ಪ್ರತಿಯೊಂದರ ಮೇಲೂ ರೈಟ್ ಕ್ಲಿಕ್ ಮಾಡಿ ಮಲ್ಟಿ-ಕ್ಯಾಮೆರಾ ಮೆನುವಿನಲ್ಲಿ ಬೇರೆ ಬೇರೆ ಕ್ಯಾಮೆರಾ ಆರಿಸಿದರೆ ಸಾಕು. ಆದರೆ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದ ಕ್ಲಿಪ್ ಇದ್ದರೆ ಈ ದಾರಿ ಬೇಡ. ಮಲ್ಟಿಕ್ಯಾಮ್ ಸೀಕ್ವೆನ್ಸ್ ಮೊದಲನೇ ಕ್ಯಾಮೆರಾದ ಅಳತೆ ಹಿಡಿದುಕೊಂಡು, ನೆಟ್ಟಗಿನ ಚಿತ್ರದ ಮೇಲೆ ಕೆಳಗೆ ಕತ್ತರಿಸಿಬಿಡಬಹುದು. ಆಗ ಮೂಲ ಕ್ಲಿಪ್‌ಗಳನ್ನೇ ಟ್ರ್ಯಾಕ್‌ಗೆ ಎಳೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಸಿಂಕ್ರೊನೈಸ್‌ನಲ್ಲಿ ಆಡಿಯೋ ಆರಿಸಿ.

ಇನ್ನು ಲೆಕ್ಕ. 1920×1080 ಟೈಮ್‌ಲೈನ್‌ನಲ್ಲಿ ನಾಲ್ಕು ಸಮ ಚೌಕಕ್ಕೆ ಸ್ಕೇಲ್ (ಚಿತ್ರದ ಅಳತೆ, ಶೇಕಡಾದಲ್ಲಿ) 50. ಪ್ರೀಮಿಯರ್‌ನಲ್ಲಿ ಪೊಸಿಷನ್ ಎಂದರೆ ಚಿತ್ರದ ನಡುಬಿಂದು, ಎಣಿಕೆ ಮೇಲಿನ ಎಡಮೂಲೆಯಿಂದ. ಹಾಗಾಗಿ ಮೇಲಿನ ಸಾಲಿಗೆ 480, 270 ಮತ್ತು 1440, 270. ಕೆಳಗಿನ ಸಾಲಿಗೆ 480, 810 ಮತ್ತು 1440, 810. ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಎಣಿಕೆ ಪರದೆಯ ಮಧ್ಯದಿಂದ ಶುರುವಾಗುತ್ತದೆ. ಅಲ್ಲಿ ಜೂಮ್ 0.5, ಎಡ ಮೇಲ್ಮೂಲೆಗೆ ಎಕ್ಸ್ –480, ವೈ +270. ವೈ ಹೆಚ್ಚಿಸಿದರೆ ಚಿತ್ರ ಮೇಲಕ್ಕೆ ಹೋಗುತ್ತದೆ, ಪ್ರೀಮಿಯರ್‌ಗೆ ಪೂರ್ತಿ ಉಲ್ಟಾ. ದುಡ್ಡು ಕೊಡಲಾಗದವರು ಬಳಸುವ ಕೆಡೆನ್‌ಲೈವ್, ಶಾಟ್‌ಕಟ್‌ಗಳಲ್ಲಿ ಚೌಕದ ಎಡ ಮೇಲ್ಮೂಲೆ ಎಲ್ಲಿರಬೇಕು, ಅಗಲ ಎತ್ತರ ಎಷ್ಟು ಎಂದು ಕೊಡಬೇಕು: 0, 0, 960, 540. ಒಂದರ ಅಂಕಿಯನ್ನು ಇನ್ನೊಂದರಲ್ಲಿ ಹಾಕಿ ಚಿತ್ರವೇ ಮಾಯವಾಯಿತು ಎಂದು ಗಾಬರಿಯಾಗುವವರು ಬಹಳ.

ಒಂದು ಕ್ಲಿಪ್ 4ಕೆ (3840×2160) ಆಗಿದ್ದರೆ ಪ್ರೀಮಿಯರ್‌ನಲ್ಲಿ 50 ಹಾಕಿದಾಗ ಅದು ಇಡೀ ಪರದೆ ತುಂಬುತ್ತದೆ. ಅದಕ್ಕೆ 25 ಹಾಕಿ. ಎಲ್ಲ ಕ್ಲಿಪ್ಪೂ 1080 ಇದ್ದು ಕಂಪ್ಯೂಟರ್ ಗಟ್ಟಿಯಾಗಿದ್ದರೆ, ಟೈಮ್‌ಲೈನನ್ನೇ 3840×2160 ಮಾಡಿ ಸ್ಕೇಲ್ 100ರಲ್ಲೇ ನಾಲ್ಕು ಮೂಲೆಗೆ ಇಡಿ. ಒಂದು ಪಿಕ್ಸೆಲ್ ಕೂಡ ಹಾಳಾಗುವುದಿಲ್ಲ.

ಆದರೆ ನನ್ನ ಮಾತು ಕೇಳುವುದಾದರೆ ನಾಲ್ಕು ಸಮ ಚೌಕವನ್ನು ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಬಿಡಬೇಡಿ. ನೋಡುವವರು ಮೊಬೈಲ್‌ನಲ್ಲಿ ನೋಡುತ್ತಾರೆ, ಕುಣಿಯುವವರ ಕಾಲು ಬೆರಳಷ್ಟೂ ಕಾಣುವುದಿಲ್ಲ. ಪೂಜಾ ಕುಣಿತದಲ್ಲಿ ತಲೆ ಮೇಲೆ ಹೊತ್ತ ‘ಪೂಜೆ’ ಎಂಬ ಅಲಂಕೃತ ಚೌಕಟ್ಟಿನ ಎತ್ತರವೂ ಬೇಕು, ಹೆಜ್ಜೆಯೂ ಬೇಕು. ಅದಕ್ಕೆ ಒಂದು ದೊಡ್ಡದು, ಮೂರು ಚಿಕ್ಕದು ಚೆನ್ನ. ದೊಡ್ಡದಕ್ಕೆ ಸ್ಕೇಲ್ 100 ಇಟ್ಟು, ಕ್ರಾಪ್ ಎಫೆಕ್ಟ್‌ನಲ್ಲಿ ಎಡ ಬಲ ತಲಾ 16.67 ಶೇಕಡಾ ಕತ್ತರಿಸಿ, ಪೊಸಿಷನ್ 640, 540 ಕೊಡಿ. ಉಳಿದ ಮೂರಕ್ಕೆ ಸ್ಕೇಲ್ 33.33, ಪೊಸಿಷನ್ 1600, 180 ಆಮೇಲೆ 1600, 540 ಆಮೇಲೆ 1600, 900. 640×360ರ ಮೂರು ಚಿತ್ರ ಸೇರಿದರೆ ಎತ್ತರ ಸರಿಯಾಗಿ 1080. ಎಲ್ಲೂ ಕಪ್ಪು ಪಟ್ಟಿ ಉಳಿಯುವುದಿಲ್ಲ.

ಮೂರು ಮೊಬೈಲೂ ನೆಟ್ಟಗೆ ಹಿಡಿದದ್ದಾದರೆ ಅದೃಷ್ಟ ಎನ್ನಿ. 1080×1920ರ ಕ್ಲಿಪ್‌ಗೆ ಸ್ಕೇಲ್ 59.26 ಕೊಟ್ಟರೆ ಅಗಲ 640 ಬರುತ್ತದೆ, ಪಕ್ಕ ಪಕ್ಕ ಮೂರು ಕೂರುತ್ತವೆ. ಮೇಲೆ ಕೆಳಗೆ ಸೇರಿ 58 ಪಿಕ್ಸೆಲ್ ಹೋಗುತ್ತದೆ ಅಷ್ಟೇ.

ಚೌಕಗಳ ನಡುವೆ ಗೆರೆ ಬೇಕೆಂದು ಸ್ಕೇಲನ್ನು 49.5 ಮಾಡುವವರಿದ್ದಾರೆ. ಆಗ ನಿಂತ ಗೆರೆ ಸುಮಾರು 10 ಪಿಕ್ಸೆಲ್, ಅಡ್ಡ ಗೆರೆ 5 ಪಿಕ್ಸೆಲ್ ಆಗಿ ಸೊಟ್ಟಗಿರುವ ಹಾಗೆ ಕಾಣುತ್ತದೆ. 50ಕ್ಕೇ ಬಿಟ್ಟು ಮೇಲಿನ ಟ್ರ್ಯಾಕ್‌ನಲ್ಲಿ 8 ಪಿಕ್ಸೆಲ್ ದಪ್ಪದ ಎರಡು ಗೆರೆ ಎಳೆಯಿರಿ.

ಚೌಕ ಕೂರಿಸುವುದು ಅರ್ಧ ಗಂಟೆಯ ಕೆಲಸ. ನಿಜವಾದ ತಲೆನೋವು ಸಿಂಕ್. ಒಂದೊಂದೇ ಕೋನ ತೋರಿಸುವಾಗ ಎರಡು ಫ್ರೇಮ್ ಹೆಚ್ಚುಕಮ್ಮಿ ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕನ್ನೂ ಪಕ್ಕದಲ್ಲಿಟ್ಟರೆ ತಮಟೆ ಮೇಲೆ ಕೋಲು ಬೀಳುವುದು ಒಂದರಲ್ಲಿ ಮುಂಚೆ, ಇನ್ನೊಂದರಲ್ಲಿ ತಡ ಎಂದು ಮಕ್ಕಳೂ ಹೇಳುತ್ತಾರೆ. ತಮಟೆ ಇರುವಲ್ಲಿ ವೇವ್‌ಫಾರ್ಮ್ (ಸದ್ದಿನ ಅಲೆಯ ಚಿತ್ರ) ನೋಡಿ ತಾನೇ ಹೊಂದಿಸುವ ಆಟೋ ಸಿಂಕ್ ಮೋಸ ಹೋಗುವುದುಂಟು: ಒಂದೇ ಪೆಟ್ಟು ಮತ್ತೆ ಮತ್ತೆ ಬರುವುದರಿಂದ ಒಂದು ಆವರ್ತ ಹಿಂದಕ್ಕೋ ಮುಂದಕ್ಕೋ ಕೂರಿಸಿಬಿಡುತ್ತದೆ. ಒಂದೇ ಸಲ ಬಂದ ಸದ್ದು ಹುಡುಕಿ, ಯಾರದೋ ಶಿಳ್ಳೆ, ಒಂದು ಪಟಾಕಿ. ಅದಕ್ಕೆ ಮಾರ್ಕರ್ ಹಾಕಿ ಕೈಯಲ್ಲೇ ಹೊಂದಿಸಿ.

ದೂರದ ಕ್ಯಾಮೆರಾದಲ್ಲಿ ಇನ್ನೊಂದು ಸೂಕ್ಷ್ಮ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ 30 ಮೀಟರ್ ಆಚೆ ನಿಂತ ಕ್ಯಾಮೆರಾಗೆ ಸದ್ದು ಎರಡು ಫ್ರೇಮ್ ತಡವಾಗಿ ಮುಟ್ಟುತ್ತದೆ. ಶಬ್ದ ನೋಡಿ ಹೊಂದಿಸಿದರೆ ಅದರ ಚಿತ್ರ ಎರಡು ಫ್ರೇಮ್ ಮುಂಚೆ ಬರುತ್ತದೆ. ಆ ಕ್ಲಿಪ್ಪನ್ನು ಮಾತ್ರ ಎರಡು ಫ್ರೇಮ್ ಬಲಕ್ಕೆ ತಳ್ಳಿ, ಕೋಲು ಬೀಳುವ ಫ್ರೇಮ್ ನೋಡಿ ಖಾತ್ರಿ ಮಾಡಿಕೊಳ್ಳಿ.

ಶುರುವಿನಲ್ಲಿ ಸರಿಯಿದ್ದು ಕೊನೆಗೆ ಜಾರಿದರೆ ತಪ್ಪು ಮೊಬೈಲ್ ಕ್ಲಿಪ್‌ನದು. ಮೊಬೈಲ್‌ಗಳು 30 ಎಂದು ತೋರಿಸಿದರೂ ಬೆಳಕು, ಬಿಸಿ ನೋಡಿಕೊಂಡು ಫ್ರೇಮ್ ರೇಟ್ ಏರಿಳಿಸುತ್ತಿರುತ್ತವೆ. ಎಡಿಟ್‌ಗೆ ಮೊದಲೇ ವಿಡಿಯೋ ಪರಿವರ್ತಿಸುವ ಸಾಫ್ಟ್‌ವೇರ್ ಹ್ಯಾಂಡ್‌ಬ್ರೇಕ್‌ನಲ್ಲಿ ಹಾಕಿ, ವಿಡಿಯೋ ಟ್ಯಾಬ್‌ನಲ್ಲಿ ಫ್ರೇಮ್ ರೇಟನ್ನು ಟೈಮ್‌ಲೈನ್‌ನದ್ದೇ ಇಟ್ಟು, ಕಾನ್‌ಸ್ಟಂಟ್ ಆರಿಸಿ, ಕ್ವಾಲಿಟಿ ಆರ್‌ಎಫ್ 18ರ ಆಸುಪಾಸು. ರಿಸಾಲ್ವ್ ಬಳಸುವುದಾದರೆ ಪ್ರಾಜೆಕ್ಟ್‌ಗೆ ಮೊದಲ ಕ್ಲಿಪ್ ತರುವ ಮುಂಚೆಯೇ ಫ್ರೇಮ್ ರೇಟ್ ತೀರ್ಮಾನ ಮಾಡಿ, ಆಮೇಲೆ ಬದಲಾಯಿಸುವುದು ತಲೆನೋವು. ಮುಂದಿನ ಹಬ್ಬಕ್ಕೆ ರಾತ್ರಿ ಸೀರಿಯಲ್ ಲೈಟ್ ಕೆಳಗೆ ಹಿಡಿಯುವುದಾದರೆ ಶಟರ್ 1/50 ಅಥವಾ 1/100ಕ್ಕೆ ಲಾಕ್ ಮಾಡಿಸಿ. ನಮ್ಮ ಕರೆಂಟು 50 ಹರ್ಟ್ಜ್, 1/60ರಲ್ಲಿ ಚಿತ್ರ ಮಿಣುಕುತ್ತದೆ. ಒಂದು ಚೌಕ ಮಾತ್ರ ಮಿಣುಕುತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಹಾಗೆಯೇ ದಸರಾ ಜಂಬೂಸವಾರಿಯನ್ನು ಒಬ್ಬರು ಅರಮನೆ ಹತ್ತಿರ, ಇನ್ನೊಬ್ಬರು ಬನ್ನಿಮಂಟಪದಲ್ಲಿ ಹಿಡಿದಿದ್ದರೆ ಸಿಂಕ್ ಮಾತೇ ಇಲ್ಲ. ಸಮಯ ಬೇರೆ ಬೇರೆ. ಅಂಬಾರಿ ಫ್ರೇಮಿನ ಮಧ್ಯಕ್ಕೆ ಬರುವ ಕ್ಷಣ ನೋಡಿ ಹೊಂದಿಸಿ.

ಒಂದು ಚಿತ್ರ ಕುಗ್ಗಿ ನಾಲ್ಕಾಗುವ ಹಾಗೆ ಮಾಡಬೇಕೆಂದರೆ ಪೊಸಿಷನ್, ಸ್ಕೇಲ್ ಎರಡಕ್ಕೂ ಕೀಫ್ರೇಮ್ (ಬದಲಾವಣೆಯ ಶುರು, ಕೊನೆ ಗುರುತು) ಹಾಕಿ, 12ರಿಂದ 15 ಫ್ರೇಮ್ ಅಂತರ ಸಾಕು. ಕುಗ್ಗುವ ಕ್ಲಿಪ್ ಎಲ್ಲಕ್ಕಿಂತ ಮೇಲಿನ ಟ್ರ್ಯಾಕ್‌ನಲ್ಲಿರಲಿ, ಇಲ್ಲವಾದರೆ ಬೇರೆ ಚೌಕಗಳು ಅದನ್ನು ಮುಚ್ಚುತ್ತವೆ.

ಆಡಿಯೋ ಒಂದೇ ಇಡಿ, ತಮಟೆಗೆ ಹತ್ತಿರವಿದ್ದೂ ಒಡೆಯದ ಕ್ಯಾಮೆರಾದ್ದು. ನಾಲ್ಕೂ ಬಿಟ್ಟರೆ ಪೆಟ್ಟು ಪ್ರತಿಧ್ವನಿಸಿ ಡಬ್ಬ ಬಡಿದಂತಾಗುತ್ತದೆ. ಪ್ಲೇಬ್ಯಾಕ್ ತಡವರಿಸಿದರೆ ಪ್ರಾಕ್ಸಿ, ಅಂದರೆ ಎಡಿಟ್‌ಗೆ ಮಾತ್ರ ಬಳಸುವ ಹಗುರ ಪ್ರತಿ, ಮಾಡಿಕೊಳ್ಳಿ. ನಾಲ್ಕು ಫೈಲ್ ಒಟ್ಟಿಗೆ ಬಿಚ್ಚುವುದು, ಅದೂ ಹೆಚ್ಚು ಹಿಂಡಿದ ಎಚ್.265 ಫೈಲ್ ಆದರೆ, ಹಳೆ ಲ್ಯಾಪ್‌ಟಾಪ್‌ಗೆ ಆಗದ ಕೆಲಸ.

ಎಕ್ಸ್‌ಪೋರ್ಟ್‌ಗೆ ಎಚ್.264, ಬಿಟ್‌ರೇಟ್ 16 ಎಂಬಿಪಿಎಸ್. ಯೂಟ್ಯೂಬ್ 1080ಕ್ಕೆ 8 ಸಾಕೆನ್ನುತ್ತದೆ, ಆದರೆ ನಾಲ್ಕು ಕಡೆ ಕುಣಿತ ಇರುವ ಚಿತ್ರ 8ರಲ್ಲಿ ಚೌಕುಳಿ ಚೌಕುಳಿಯಾಗುತ್ತದೆ. ಮೇಳದವರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ವಿಡಿಯೋ ಎಂದು ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಮತ್ತೆ ಹಿಂಡುತ್ತದೆ.